ಅವಧೂತರಾಯರು ಬಾರಿಸದ ಗಂಟೆ

ಪುಣೆಯ ಮುಠಾ ನದಿಗೆ ಇಳಿಯುವ ಒಂದು ಘಾಟಿನ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಹದಿನೈದರವರೆಗೆ ಅಂಕಿ ಬರೆದಿದ್ದರು. ಮಳೆಗಾಲದಲ್ಲಿ ನೀರು ಯಾವ ಅಂಕಿಗೆ ಮುಟ್ಟಿದೆ ಎಂದು ನೋಡಿ ವಹಿಯಲ್ಲಿ ಬರೆದಿಡುವುದಕ್ಕೆ ಸರಕಾರದ ಒಂದು ಕಚೇರಿ ಒಬ್ಬ ಕಾರಕೂನರನ್ನು ಇಟ್ಟಿತ್ತು. ಅವರೇ ಅವಧೂತರಾವ ಕೊರ್ಲಹಳ್ಳಿ. ನವಲಗುಂದದ ಕಡೆಯವರು. ಇಪ್ಪತ್ತನೆಯ ವಯಸ್ಸಿಗೆ ಪುಣೆಗೆ ಬಂದು, ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ಎರಡು ಖೋಲಿ ಹಿಡಿದು, ಕೃಷ್ಣಾಬಾಯಿಯವರನ್ನು ಮದುವೆಯಾಗಿ, ಅಲ್ಲಿಯೇ ತಲೆ ನರೆಸಿಕೊಂಡವರು. ಹನ್ನೊಂದು ವರ್ಷದಿಂದ ಅವರ ಮಳೆಗಾಲವೆಲ್ಲ ಆ ಘಾಟಿನ ಮೇಲಿನ ಮೆಟ್ಟಿಲಲ್ಲಿ, ಒಂದು ಹಳೆಯ ಛತ್ರಿಯ ಕೆಳಗೆ ಕಳೆದಿತ್ತು.

ರಾಯರಿಗೆ ಜಂಬವಿದ್ದದ್ದು ಒಂದೇ ವಿಷಯಕ್ಕೆ. ಹನ್ನೊಂದು ವರ್ಷದಲ್ಲಿ ಒಂದು ಅಂಕಿಯನ್ನೂ ಅವರು ಸುಳ್ಳು ಬರೆದಿರಲಿಲ್ಲ. ಚಳಿಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದು ನೋಡಿಯೇ ಬರೆದಿದ್ದರು. ಬೇರೆ ಘಾಟಿನ ಕಾರಕೂನರು ಮನೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತ "ನಿನ್ನೆ ಐದು, ಇವತ್ತು ಐದೂವರೆ ಇರಬೇಕು" ಎಂದು ಬರೆಯುತ್ತಿದ್ದರು. ರಾಯರು ಹಾಗಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಎಷ್ಟು ಚಿಟಿಕೆ ಕಡಿಮೆ ಎಂದು ಹೆಂಡತಿಗೆ ಲೆಕ್ಕ ಹೇಳುವ ಮನುಷ್ಯ.

ಒಂಬತ್ತಕ್ಕೆ ನೀರು ಬಂದರೆ ಕಚೇರಿಗೆ ಚೀಟಿ ಕಳಿಸಬೇಕು. ಹನ್ನೆರಡಕ್ಕೆ ಬಂದರೆ ಗಂಟೆ ಬಾರಿಸಿ, ಘಾಟಿನ ಬಲಗಡೆ ತಗ್ಗಿನಲ್ಲಿದ್ದ ಮೇದಾರರ ಓಣಿಯನ್ನು ಎಬ್ಬಿಸಬೇಕು. ಇದು ನಿಯಮ. ನಿಯಮವೇನೋ ಇತ್ತು, ಗಂಟೆ ಮಾತ್ರ ಇರಲಿಲ್ಲ. ಒಂದು ಗಂಟೆ ಕೊಡಿಸಿರೆಂದು ರಾಯರು ಅರ್ಜಿ ಬರೆದರು. ಈ ಬಾಬಿನಲ್ಲಿ ಹಣದ ತರತೂದು ಇಲ್ಲ ಎಂದು ಉತ್ತರ ಬಂತು. ಮರುವರ್ಷ ಬರೆದರು, ಅದೇ ಉತ್ತರ. ಮೂರನೆಯ ಸಲ ಕಚೇರಿಯ ಹಿರಿಯ ಕಾರಕೂನ, ಬೆಳಗಾವಿಯ ಸುಂದರರಾವ ತೊರಗಲ್, ಅವರನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದ.

"ಅವಧೂತ, ಮಂದಿ ಮುಳುಗಿದ ಮ್ಯಾಲೆ ಹಂಚಲಿಕ್ಕೆ ಸರಕಾರದ ಹಂತ್ಯಾಕ ದುಡ್ಡದ. ಮುಳುಗಧಾಂಗ ನೋಡ್ಕೊಳ್ಳಲಿಕ್ಕೆ ಇಲ್ಲ. ಆ ಬಾಬು ಬ್ಯಾರೆ, ಈ ಬಾಬು ಬ್ಯಾರೆ. ಸುಮ್ಮನ ಯಾಕ ಕಾಗದಾ ಖರ್ಚು ಮಾಡ್ತಿ?"

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಮ್ಮ ಹಿರಿಯರು ನಕ್ಕದ್ದು ಯಾರೋ ಪೆದ್ದ ರಾಜನನ್ನು ಕಂಡು. ಪೆದ್ದತನವನ್ನೇ ಕಾಯಿದೆ ಮಾಡಿ, ಬಾಬು ಹಚ್ಚಿ, ಸಿಕ್ಕಾ ಒತ್ತುವ ಸರಕಾರವನ್ನು ಅವರು ಕಂಡಿರಲಿಲ್ಲ.

ಕೊನೆಗೆ ರಾಯರೇ ಒಂದು ದಾರಿ ಹುಡುಕಿದರು. ಘಾಟಿನ ತಲೆಯಲ್ಲಿ ಮಾರುತಿಯ ಗುಡಿಯಿತ್ತು. ಅದರ ತೊಲೆಯಿಂದ ತೂಗುವ ಕಂಚಿನ ಗಂಟೆಯ ಸದ್ದು ನದಿಯ ಆಚೆ ದಂಡೆಗೂ ಕೇಳುತ್ತಿತ್ತು. ಗುಡಿಯ ಪಂಚರ ಕೈಕಾಲು ಹಿಡಿದು ಆ ಗಂಟೆಯನ್ನೇ ಪ್ರವಾಹದ ಗಂಟೆ ಮಾಡಿಕೊಂಡರು. ಸರಕಾರಿ ಮನುಷ್ಯ ಯಾರೋ ಎಂಥವನೋ ಬಂದು ಮುಟ್ಟಿದರೆ ಎಂದು ಪಂಚರು ಅನುಮಾನ ಮಾಡಿದಾಗ, ಒಪ್ಪಂದದ ಕಾಗದದಲ್ಲಿ ರಾಯರು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದರು: "ಸ್ನಾನ ಮಾಡಿ ಶುಚಿಯಾದವನೇ ಗಂಟೆಯನ್ನು ಮುಟ್ಟತಕ್ಕದ್ದು. ಮೈಲಿಗೆ, ಸೂತಕ ಇದ್ದಾಗ ಮುಟ್ಟತಕ್ಕದ್ದಲ್ಲ." ಯಾರೂ ಕೇಳದಿದ್ದ ಸೂತಕದ ಮಾತನ್ನು ಅವರೇ ಸೇರಿಸಿದ್ದು. ಪಂಚರು ತಲೆದೂಗಿದರು. ರಾಯರಿಗೆ ಮೈಯೆಲ್ಲ ಸಂತೋಷ.

ಆಗ ಘಾಟಿಗೆ ರಾಯರ ಜೊತೆ ಒಬ್ಬ ಕಾವಲುಗಾರನೂ ಇದ್ದ. ಅವನು ಈರಣ್ಣ, ಗದಗಿನ ಲಿಂಗವಂತ, ಸೂತಕವನ್ನೇ ಒಪ್ಪದ ಜಾತಿಯವನು. ಸಾವಿರದ ಒಂಬೈನೂರ ಮೂವತ್ತೆರಡರ ಬೇಸಿಗೆಯಲ್ಲಿ ಸರಕಾರಕ್ಕೆ ಉಳಿತಾಯದ ಹುಚ್ಚು ಹಿಡಿದು ಈರಣ್ಣನ ಕೆಲಸ ಹೋಯಿತು. ಅವನೊಬ್ಬ ಇದ್ದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಮೇದಾರರ ಓಣಿಯಲ್ಲಿ ನಲವತ್ತು ಗುಡಿಸಲು. ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮಂದಿ. ಹೆಚ್ಚಿನವರು ಮರಾಠಿಯವರು, ಬಾಗಲಕೋಟೆಯ ಕಡೆಯಿಂದ ಬಂದ ನಾಲ್ಕಾರು ಮನೆಗಳೂ ಇದ್ದವು. ಅವರಲ್ಲಿ ನಾಗವ್ವ ಒಬ್ಬಳು. ಅವಳ ಗಂಡ ಸಂಕಪ್ಪ ಬಿದಿರು ಇಳಿಸುವಾಗ ಬೆನ್ನು ಮುರಿದುಕೊಂಡು ಐದು ವರ್ಷದಿಂದ ಹಾಸಿಗೆ ಹಿಡಿದಿದ್ದ. ನಾಗವ್ವ ದಿನಾ ಬೆಳಿಗ್ಗೆ ನೀರಿಗೆ ಬಂದಾಗ ಕೆಳಗಿನ ಮೆಟ್ಟಿಲಿನಿಂದಲೇ ಕೂಗಿ ಕೇಳುತ್ತಿದ್ದಳು.

"ಇವತ್ತ ಎಷ್ಟಕ್ಕ ಬಂದೈತ್ರಿ, ರಾಯರ?"

"ಆರಕ್ಕ ಬಂದದವ್ವಾ. ಹೆದರಬ್ಯಾಡ."

"ನಮ್ಮನಿಯವರನ್ನ ಹೊತ್ಕೊಂಡ ಬರಾಕ ಮಂದಿ ಹುಡಕಬೇಕ್ರಿ. ನನಗ ಮೊದಲ ಹೇಳ್ರಿ."

"ಹೇಳ್ತೀನಿ. ಗಂಟಿ ಕೇಳಿದ ಕೂಡಲೇ ಎದ್ದು ಬಿಡು, ಹೊತ್ತು ಸಾಕಾಗ್ತದ."

ಇಡೀ ದಿನ ಮರಾಠಿ ಆಡಿ ದವಡೆ ನೋಯುತ್ತಿದ್ದ ರಾಯರಿಗೆ ಆ ನಾಲ್ಕು ಮಾತು ತವರಿನ ಬುತ್ತಿ. ಆದರೆ ಹನ್ನೊಂದು ವರ್ಷದಲ್ಲಿ ಅವರು ಒಂದು ಸಲವೂ ಆ ಓಣಿಗೆ ಇಳಿದವರಲ್ಲ. ಮಡಿಯ ಮನುಷ್ಯ ಮೇಲಿನ ಮೆಟ್ಟಿಲು, ಮೇದಾರರು ಕೆಳಗಿನ ಮೆಟ್ಟಿಲು. ನಾಗವ್ವನ ಗುಡಿಸಲು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದೂ ಅನ್ನಿಸಿರಲಿಲ್ಲ.

ಆ ವರ್ಷ ಶ್ರಾವಣದ ಒಂದು ಬುಧವಾರ ನವಲಗುಂದದಿಂದ ಕಾರ್ಡು ಬಂತು. ದಾಯಾದಿ ಅಣ್ಣ ತೀರಿಕೊಂಡಿದ್ದ. ಸತ್ತು ನಾಲ್ಕು ದಿನವಾಗಿತ್ತು, ಸೂತಕ ಇನ್ನೂ ಆರು ದಿನ ಉಳಿದಿತ್ತು. ರಾಯರು ಕಾರ್ಡು ಹರಿದು ಹಾಕಿ, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಂಡು, ಹಣೆಗೆ ಗಂಧವಿಲ್ಲದೆ ಘಾಟಿಗೆ ಬಂದರು. ಗುಡಿಯ ಪೂಜಾರಿ ಪಂಢರಿನಾಥ ಗುರವನಿಗೆ ಸಂಗತಿ ಹೇಳಿ, ಮಂಗಳವಾರದವರೆಗೆ ಗಂಟೆ ನಿನ್ನ ಪಾಲು ಎಂದರು. ಅವನು ಒಪ್ಪಿದ. ಓಣಿಯವರಿಗೂ ಮೇಲಿನ ಮೆಟ್ಟಿಲಿನಿಂದ ಸಾರಿ ಹೇಳಿದರು: "ನನಗ ಸೂತಕ ಬಂದದ. ನಾ ಗಂಟಿ ಮುಟ್ಟೂದಿಲ್ಲ. ನೀರು ಬಂದ್ರ ಗುರವ ಬಾರಸ್ತಾನ." ಅದನ್ನೇ ಮರಾಠಿಯಲ್ಲೂ ಹೇಳಿದರು. ಹೇಳಿದ್ದನ್ನು ಎರಡು ಸಲ ಹೇಳುವುದು ಅವರ ಚಾಳಿ.

ಶನಿವಾರ ಬಂತು. ಶ್ರಾವಣ ಶನಿವಾರವೆಂದರೆ ಮಾರುತಿಗೆ ಎಣ್ಣೆ ಹಾಕುವ ಗದ್ದಲ. ಬೆಳಗಿನಿಂದ ಗಂಟೆ ಬಡಿದದ್ದೇ ಬಡಿದದ್ದು. ಮಧ್ಯಾಹ್ನಕ್ಕೆ ಮಳೆ ಹಿಡಿದು ಭಕ್ತರು ಕರಗಿದರು. ಗುರವ ಆಚೆ ದಂಡೆಯ ಯಜಮಾನರೊಬ್ಬರ ಮನೆಗೆ ಊಟಕ್ಕೆಂದು, ಓಣಿಯ ಮುಂದೆಯೇ ಹಾದು ಸೇತುವೆ ದಾಟಿ ಹೋದ. ಬೇಗ ಬರುತ್ತೇನೆ ಅಂದಿದ್ದ. ಹೋಳಿಗೆಯ ಊಟ ಎಂದಾದರೂ ಬೇಗ ಮುಗಿದದ್ದುಂಟೆ?

ಎರಡಕ್ಕೆ ನೀರು ಎಂಟಕ್ಕಿತ್ತು. ಎರಡೂವರೆಗೆ ಹತ್ತು. ಸಿಂಹಗಡದ ಕಡೆಯ ಆಕಾಶ ಕಾಣದಾಗಿತ್ತು. ರಾಯರು ದಾರಿಯಲ್ಲಿ ಸಿಕ್ಕ ಟಾಂಗಾದವನ ಕೈಯಲ್ಲಿ ಕಚೇರಿಗೆ ಚೀಟಿ ಕೊಟ್ಟು ಕಳಿಸಿ, ಗುಡಿಯ ಹೊಸ್ತಿಲಿಗೂ ಘಾಟಿನ ತುದಿಗೂ ಓಡಾಡಿದರು. ಗುರವನ ಸುಳಿವಿಲ್ಲ. ಗುಡಿಯಲ್ಲಿ ನರಪಿಳ್ಳೆ ಇಲ್ಲ. ಮೂರೂ ಇಪ್ಪತ್ತಕ್ಕೆ ಕೆಂಪು ನೀರು ಹನ್ನೆರಡರ ಅಂಕಿಯನ್ನು ನುಂಗಿತು. ವಹಿ ತೆಗೆದು ಅಂಕಿ ಬರೆದರು, ವೇಳೆ ಬರೆದರು. ಅದರ ಪಕ್ಕದ ಗೆರೆ ಹಾಕಿದ ಮನೆಯ ತಲೆಬರಹ "ಗಂಟೆ ಬಾರಿಸಿದ ವೇಳೆ". ಅದನ್ನು ಖಾಲಿ ಬಿಟ್ಟು ವಹಿಯನ್ನು ಗೂಡಿನಲ್ಲಿಟ್ಟರು.

ಹೊಸ್ತಿಲ ಮುಂದೆ ಅವರು ನಿಂತದ್ದು ಎಷ್ಟು ಹೊತ್ತು? ಬಹಳವಿಲ್ಲ, ಐದು ಉಸಿರು ಇರಬಹುದು. ಅಪ್ಪ, ಅಜ್ಜ, ಉಪನಯನದಲ್ಲಿ ಕಿವಿಯಲ್ಲಿ ಮಂತ್ರ ಹೇಳಿದ ಗುರು, ಎಲ್ಲರೂ ಅಡ್ಡ ನಿಂತ ಹಾಗೆ ಅನ್ನಿಸಿತು. ತಾವೇ ಬರೆದ ಒಪ್ಪಂದದ ಅಕ್ಷರ ಕಣ್ಣಿಗೆ ಕಟ್ಟಿತು. ಆಮೇಲೆ ಅವರು ಕೆಟ್ಟೆನೋ ಶಿವನೆ ಎಂದು ಒಳಗೆ ಕಾಲಿಟ್ಟು, ಗಂಟೆಯ ಸರಪಳಿ ಹಿಡಿದು ಜಗ್ಗಿದರು.

ಕಾಲು ಗಂಟೆ ಬಾರಿಸಿದರು. ಅಂಗೈ ಸುಲಿಯಿತು. ಒಬ್ಬರೂ ಮೆಟ್ಟಿಲು ಹತ್ತಿ ಬರಲಿಲ್ಲ. ಹೊರಗೆ ಬಂದು ಬಗ್ಗಿ ನೋಡಿದರೆ ಗುಡಿಸಲುಗಳ ಮೇಲೆ ಒಲೆಯ ಹೊಗೆ ಹಾಯಾಗಿ ಏಳುತ್ತಿತ್ತು. ಮತ್ತೆ ಒಳಗೆ ಹೋಗಿ ಬಾರಿಸಿದರು. ಮತ್ತೆ ಬಂದು ನೋಡಿದರು. ನೀರು ಹದಿಮೂರರ ಮೇಲಿತ್ತು. ಇವರಿಗೆಲ್ಲ ಕಿವುಡು ಬಡಿಯಿತೇ ಎಂದು ಸಿಟ್ಟು ಬಂತು. ಛತ್ರಿ ಬಿಸಾಡಿ, ಹನ್ನೊಂದು ವರ್ಷ ಇಳಿಯದ ಮೆಟ್ಟಿಲು ಇಳಿದು ಓಣಿಯೊಳಗೆ ಓಡಿದರು.

"ಏಳ್ರೋ! ಪಳಾ, ಪಳಾ! ಓಡ್ರಿ! ನೀರು ಬಂತು!"

ಬೋಳು ಹಣೆಯ, ಬೆಳೆದ ಗಡ್ಡದ ರಾಯರು ಓಣಿಯೊಳಗೇ ಬಂದು ಕೂಗುವುದನ್ನು ಕಂಡ ಮೇಲೆ ಮಂದಿ ನಂಬಿದರು. ಹೆಂಗಸರು ಕೂಸುಗಳನ್ನು ಎತ್ತಿಕೊಂಡರು, ಗಂಡಸರು ಕತ್ತಿ, ಪಾತ್ರೆ ಹಿಡಿದು ಮೇಲೇರಿದರು. ರಾಯರು ನಾಗವ್ವನ ಮನೆ ಯಾವುದು, ನಾಗವ್ವನ ಮನೆ ಯಾವುದು ಎಂದು ಒಂದೊಂದು ಬಾಗಿಲಿಗೂ ಹೋದರು. ಬಿದಿರಿನ ಒಟ್ಟುಗಳ ನಡುವೆ ದಾರಿ ತಪ್ಪಿ ಅದೇ ಬಾವಿಕಟ್ಟೆಗೆ ಎರಡು ಸಲ ಬಂದರು. ಅವಳ ಮನೆ ನದಿಯ ಬಾಯಲ್ಲೇ, ಕಟ್ಟಕಡೆಗೆ ಇತ್ತು. ಅಲ್ಲಿಗೆ ತಿರುಗುವ ಹೊತ್ತಿಗೆ ನೀರು ಎದೆಮಟ್ಟ ಬಂದು, ಯಾರೋ ಇಬ್ಬರು ಅವರನ್ನು ರಟ್ಟೆ ಹಿಡಿದು ಹಿಂದಕ್ಕೆಳೆದರು. ನಾಗವ್ವನನ್ನು ಬಿದಿರಿನ ಹೊರೆಯನ್ನು ತಬ್ಬಿಕೊಂಡಿದ್ದ ಹಾಗೆಯೇ ದೂರದಲ್ಲಿ ದಂಡೆಗೆ ಎಳೆದು ತಂದರು. ಸಂಕಪ್ಪ ಸಿಗಲಿಲ್ಲ. ನಲವತ್ತು ಗುಡಿಸಲುಗಳಲ್ಲಿ ಒಂದೂ ಉಳಿಯಲಿಲ್ಲ.

ಓಣಿಯ ಮಂದಿಯನ್ನು ಹತ್ತಿರದ ಶಾಲೆಯ ಪಡಸಾಲೆಯಲ್ಲಿ ಇಳಿಸಿದ್ದರು. ರಾಯರು ಮರುದಿನ ಅಲ್ಲಿಗೆ ಹೋಗಿ, ಬಾಗಲಕೋಟೆಯ ಮುದುಕ ಹೊಳಬಸಪ್ಪನನ್ನು ಕೇಳಿದರು.

"ಗಂಟಿ ಕೇಳಲಿಲ್ಲೇನೋ ನಿಮಗ?"

"ಕೇಳಿತ್ರಿ. ಛಲೋತ್ನಾಗ ಕೇಳಿತು. ಗುರವ ನಮ್ಮ ಮುಂದನ ಹೊಳಿ ದಾಟಿ ಹೋಗಿದ್ದ. ನಿಮಗ ಸೂತಕ, ನೀವಂತೂ ಜೀವಾ ಹೋದ್ರೂ ಮುಟ್ಟಾಂಗಿಲ್ಲ. ಮತ್ಯಾರ ಬಾರಸ್ತಾರ್ರಿ? ಶನಿವಾರದ ಮಂದಿ ಯಾರೋ ಹರಕಿ ತೀರಸಾಕತ್ತಾರ ಅಂದ್ಕೊಂಡ್ವಿ."

ಬಾರಿಸಿದವನು ನಾನೇ ಎಂಬ ಮಾತು ರಾಯರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಡಸಾಲೆಯ ಮೂಲೆಯಲ್ಲಿ ನಾಗವ್ವ ಹಾಡಿಕೊಂಡು ಅಳತೊಡಗಿದಳು. ಅವರು ಎದ್ದು ಬಂದುಬಿಟ್ಟರು.

ಮನೆಯಲ್ಲಿ ಕೃಷ್ಣಾಬಾಯಿ ಅವರ ಅಂಗೈಗೆ ತುಪ್ಪ ಅರಿಸಿನ ಹಚ್ಚುತ್ತ ಕೇಳಿದರು: "ಗುಡಿಯೊಳಗ ಹೋದ್ರೇನು?"

"ಹೋದೆ."

ಆಕೆ ಇನ್ನೊಂದು ಕೈಗೂ ತುಪ್ಪ ಹಚ್ಚುತ್ತ, "ಛಲೋ ಆತು" ಎಂದರು. ಮಡಿಯಲ್ಲಿ ಗಂಡನಿಗಿಂತ ಒಂದು ಕೈ ಮೇಲಾಗಿದ್ದ ಹೆಂಗಸು ಹಾಗೆ ಹೇಳಿದ್ದು ರಾಯರಿಗೆ ಎಷ್ಟು ಧೈರ್ಯ ಕೊಟ್ಟಿತೋ ಹೇಳಲಾಗದು. ಆ ಧೈರ್ಯ ಎರಡು ದಿನ ಇತ್ತು.

ಮೂರನೆಯ ದಿನ ಬೆಳಿಗ್ಗೆ ಸುಂದರರಾವ ವಹಿ ಹಿಡಿದುಕೊಂಡು ವಾಡೆಗೇ ಬಂದ.

"ಸಾಹೇಬ ಇವತ್ತ ವಿಚಾರಣಿಗೆ ಬರ್ತಾನ. ಇಲ್ಲಿ ಗಂಟಿ ಮನಿ ಖಾಲಿ ಅದಲ್ಲ, ಏನ ಬರೀತಿ?"

"ಆದದ್ದು ಬರೀತೀನಿ. ಮೂರೂ ಇಪ್ಪತ್ತು."

"ಯಾರು ಬಾರಸಿದ್ರು?"

ರಾಯರು ಅಂಗೈ ಬಿಚ್ಚಿ ತೋರಿಸಿದರು. ಸುಂದರರಾವ ಆ ಕೈಗಳನ್ನು ನೋಡಿ ವಹಿ ಮುಚ್ಚಿದ.

"ದೊಡ್ಡ ಕೆಲಸ ಮಾಡೀದಿ. ಆದ್ರ ಹಂಗ ಬರದಿ ಅಂದ್ರ ಆ ಮಂದಿಗೆ ಒಂದು ದಮಡಿ ಸಿಗೂದಿಲ್ಲ ನೋಡು. ಎಚ್ಚರಕಿ ಕೊಟ್ಟ ಮ್ಯಾಲೂ ಏಳಲಾರದವರಿಗೆ ಪರಿಹಾರ ಇಲ್ಲ ಅಂತ ಕಾಯಿದೆದಾಗ ಕಲಮ ಅದ. ಮನಿಗೂ ಇಲ್ಲ, ಸತ್ತವಗೂ ಇಲ್ಲ."

"ಅವರು ಬೇಕಂತ ಕೂತಿಲ್ಲೋ. ನಾ ಮುಟ್ಟೂದಿಲ್ಲಂತ ನಾನ ಸಾರಿದ್ದೆ. ನನ್ನ ಮಾತು ನಂಬಿ ಕೂತ್ರು. ಅದನ್ನ ಬರೀತೀನಿ."

"ಎಲ್ಲೆ ಬರೀತಿ? ಆ ಕಾಗದದಾಗ ಎರಡ ಮನಿ ಅವ. ಎಚ್ಚರಕಿ ಕೊಟ್ಟದ, ಎಚ್ಚರಕಿ ಕೊಟ್ಟಿಲ್ಲ. ನಿನ್ನ ಪುರಾಣಕ್ಕ ಜಾಗಾ ಇಲ್ಲ."

"ಕೊಟ್ಟಿಲ್ಲ ಅಂದ್ರ?"

"ತಪ್ಪು ಕಚೇರಿದು. ಅಂದ್ರ ನಿಂದು. ಅವರಿಗೆ ಪರಿಹಾರ ಸಿಗ್ತದ, ನಿನ್ನ ನೌಕರಿ ಹೋಗ್ತದ." ಸುಂದರರಾವ ಎದ್ದು ಟೊಪ್ಪಿಗೆ ಸರಿ ಮಾಡಿಕೊಂಡ. "ನಾ ಏನೂ ಹೇಳಿಲ್ಲ, ನೀ ಏನೂ ಕೇಳಿಲ್ಲ."

ಸುಂದರರಾವ ಹೋದ ಮೇಲೆ ರಾಯರು ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನೌಕರಿಯ ಚಿಂತೆ ಅವರಿಗೆ ಇರಲಿಲ್ಲವೆಂದಲ್ಲ, ಬಹಳ ಇತ್ತು. ಇನ್ನು ನಾಲ್ಕು ವರ್ಷಕ್ಕೆ ಪಿಂಚಣಿ. ಆದರೆ ಅದಕ್ಕಿಂತ ಒಳಗೆ ಚುಚ್ಚಿದ್ದು ಬೇರೆ. ಮುಳುಗುವ ನಲವತ್ತು ಮನೆ ನೋಡಿಯೂ ಮಡಿ ಬಿಡದೆ ನಿಂತ ಮನುಷ್ಯ ಎಂದು ತಮ್ಮ ಕೈಯಾರೆ ಬರೆದುಕೊಡಬೇಕು. ಸುಳ್ಳೆಂದರೆ ಅಂಥ ಸುಳ್ಳು. ಅದನ್ನು ಜನ ಕಣ್ಣು ಮುಚ್ಚಿ ನಂಬುತ್ತಾರೆ, ಏಕೆಂದರೆ ಹಾಗೆ ನಂಬಿಸುವಂತೆಯೇ ಅವರು ನಲವತ್ತೆಂಟು ವರ್ಷ ಬಾಳಿದ್ದರು.

ಶಾಲೆಯ ಅಂಗಳದಲ್ಲಿ ಮೇಜು ಹಾಕಿಕೊಂಡು ಕೂತ ಸಾಹೇಬ ಮರಾಠಿಯಲ್ಲಿ ಕೇಳಿದ, ನೀರು ಹನ್ನೆರಡಕ್ಕೆ ಬಂದಾಗ ಗಂಟೆ ಬಾರಿಸಿದೆಯಾ ಎಂದು. ಪಡಸಾಲೆಯ ಮಂದಿಯೆಲ್ಲ ಕಿವಿಗೊಟ್ಟಿದ್ದರು. ನಾಗವ್ವ ಕಂಬಕ್ಕೆ ಒರಗಿ ಕೂತಿದ್ದಳು. ರಾಯರು ಕೈಗಳನ್ನು ಧೋತರದ ನೆರಿಗೆಯಲ್ಲಿ ಅಡಗಿಸಿಕೊಂಡು ಹೇಳಿದರು.

"ಇಲ್ಲ ಸಾಹೇಬ. ನನಗೆ ಸೂತಕವಿತ್ತು. ಗುರವನನ್ನು ಕಾಯುತ್ತ ನಿಂತೆ. ಅವನು ಬರಲಿಲ್ಲ. ಕಡೆಗೆ ನಾನೇ ಇಳಿದು ಹೋಗಿ ಕೂಗಿದೆ."

ಅಂಗಳದಲ್ಲಿ ಯಾವಳೋ ಮುದುಕಿ ಮರಾಠಿಯಲ್ಲಿ ಬೈಗಳ ತೆಗೆದಳು, ಸಿಪಾಯಿ ಅವಳನ್ನು ಸುಮ್ಮನಿರಿಸಿದ. ಸಾಹೇಬ ಕಾಗದದ ಎರಡನೆಯ ಮನೆಯಲ್ಲಿ ಗುರುತು ಹಾಕಿದ. ರಾಯರು ವಹಿಯ ಖಾಲಿ ಜಾಗದಲ್ಲಿ ಅಡ್ಡಗೆರೆ ಎಳೆದು ರುಜು ಮಾಡಿದರು.

ಎಂಟು ದಿನದಲ್ಲಿ ಅವರ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಒಂದು ಭಾನುವಾರ ಸದಾಶಿವ ಪೇಠೆಯ ಬೀದಿಯಲ್ಲಿ ಗುಡಿಯ ಪಂಚರೊಬ್ಬರು ಎದುರಾಗಿ, ಅಂಥ ಹೊತ್ತಿನಲ್ಲೂ ಧರ್ಮ ಬಿಡಲಿಲ್ಲ ನೀವು ಎಂದು ಬಾಗಿ ನಮಸ್ಕಾರ ಮಾಡಿದರು. ಆ ನಮಸ್ಕಾರ ರಾಯರಿಗೆ ಮುದುಕಿಯ ಬೈಗಳಕ್ಕಿಂತ ಹೆಚ್ಚು ಉರಿಯಿತು. ಒಬ್ಬ ಕಿರಾಣಿ ವ್ಯಾಪಾರಿಯ ಅಂಗಡಿಯಲ್ಲಿ ಪತ್ರ ಬರೆಯುವ ಕೆಲಸ ಹಿಡಿದರು. ಮೇದಾರರ ಓಣಿಯ ಯಾರಾದರೂ ಎದುರು ಬಂದರೆ ಅವರೇ ದಾರಿ ಬಿಟ್ಟು ನಿಲ್ಲುತ್ತಿದ್ದರು.

ಪರಿಹಾರದ ಮೊದಲ ಕಂತು ನವರಾತ್ರಿಯ ಹೊತ್ತಿಗೆ ಬಂತು. ಎರಡನೆಯದು ಸಂಕ್ರಾಂತಿಗೆ ಎಂದು ಹೇಳಿದ್ದರು. ಮುಳುಗಿದ ಮೇಲೆ ಕೊಡುವ ಬಾಬಿನಲ್ಲಿ ಸರಕಾರ ಧಾರಾಳಿಯೇ. ಓಣಿಯವರು ದಿಬ್ಬದ ಮೇಲೆ ಹೊಸ ಗುಡಿಸಲು ಹಾಕಿಕೊಂಡರು. ದೀಪಾವಳಿಗೆ ನಾಲ್ಕು ದಿನ ಮೊದಲು ಒಂದು ಬೆಳಿಗ್ಗೆ, ವಾಡೆಯ ಬಾಗಿಲಿಗೆ ನಾಗವ್ವ ಬಂದು ನಿಂತಳು. ಬರಿಗೊರಳು, ತಲೆಯ ಮೇಲೆ ಮಾರುವ ಮೊರಗಳ ಹೊರೆ. ರಾಯರು ಪಡಸಾಲೆಗೆ ಬಂದರು. ಕೃಷ್ಣಾಬಾಯಿ ಒಳಬಾಗಿಲಲ್ಲಿ ನಿಂತರು.

"ರೊಕ್ಕ ಬಂತ್ರಿ, ರಾಯರ. ಮನಿ ಹಾಕೀನಿ. ಬಿದರು ತಂದೀನಿ."

"ಛಲೋ ಆತವ್ವಾ."

"ನಾ ಅದನ್ನ ಹೇಳಾಕ ಬಂದಿಲ್ಲ." ಅವಳು ಹೊರೆ ಇಳಿಸಲಿಲ್ಲ. "ಅವತ್ತ ಗಂಟಿ ಕೇಳಿದಾಗ ನಮ್ಮನಿಯವರಂದ್ರು, ರಾಯರು ಬಾರಸಾಕತ್ತಾರ, ನನ್ನ ಎತ್ತಲೇ ಅಂತ. ಇಲ್ರಿ, ಅವರಿಗೆ ಸೂತಕ, ಅವರು ಮುಟ್ಟಾಂಗಿಲ್ಲ ಅಂದೆ ನಾನು. ಅವರು ಕೇಳವಲ್ರು. ರಾಯರು ಅಂಥವರಲ್ಲ, ಬಾರಸ್ತಾರ ಅಂತ ಮತ್ತ ಮತ್ತ ಅಂದ್ರು. ನಾ ನಕ್ಕೆ."

ಒಳಬಾಗಿಲಲ್ಲಿ ಕೃಷ್ಣಾಬಾಯಿ ಬಾಯಿ ತೆರೆದರು. ರಾಯರು ತಿರುಗಿ ಅವರನ್ನು ನೋಡಿದ ನೋಟಕ್ಕೆ ಮಾತು ಹೊರಬರಲಿಲ್ಲ. ನಾಗವ್ವ ಸತ್ಯ ತಿಳಿದು ಸುಮ್ಮನಿರುವ ಹೆಂಗಸಲ್ಲ. ಓಣಿಯಲ್ಲಿ ಹೇಳುತ್ತಾಳೆ, ಓಣಿಯಿಂದ ಕಚೇರಿಗೆ ಹೋಗುತ್ತದೆ, ಸಂಕ್ರಾಂತಿಯ ಕಂತು ನಲವತ್ತು ಮನೆಗೂ ನಿಲ್ಲುತ್ತದೆ, ಕೊಟ್ಟದ್ದನ್ನೂ ವಸೂಲು ಮಾಡುತ್ತಾರೆ.

"ಯಾರ ಮಾತು ಖರೆ ಇತ್ರಿ?" ಎಂದಳು ನಾಗವ್ವ. "ಸಾಹೇಬನ ಮುಂದ ಹೇಳಿದ್ದು ಬಿಡ್ರಿ. ನನಗ ಹೇಳ್ರಿ. ನೀವು ಬಾರಸಿದ್ರ್ಯಾ?"

ಬಾರಿಸಿದೆ ಎಂದರೆ ಗಂಡನನ್ನು ಎತ್ತದೆ ನಕ್ಕವಳು ಅವಳಾಗುತ್ತಾಳೆ, ಬದುಕಿರುವಷ್ಟು ದಿನವೂ. ಅದು ರಾಯರಿಗೆ ಆಗಲೇ ಹೊಳೆದದ್ದು. ಹೊಳೆದ ಕೂಡಲೆ ಕಂತೂ ಕಚೇರಿಯೂ ಮರೆತುಹೋದವು.

"ಇಲ್ಲವ್ವಾ," ಎಂದರು. "ನಿನ್ನ ಮಾತಽ ಖರೆ. ನಾ ಮುಟ್ಟಲಿಲ್ಲ."

ನಾಗವ್ವ ಅವರ ಮುಖವನ್ನೇ ನೋಡಿದಳು. ಆಮೇಲೆ, ಶ್ರಾವಣದಿಂದ ಹಿಡಿದಿಟ್ಟ ಉಸಿರು ಬಿಟ್ಟ ಹಾಗೆ, ಅವಳ ಹೆಗಲು ಸಡಿಲವಾಯಿತು.

"ನಿಮ್ಮ ಮಡಿ ಸುಡಲಿ," ಎಂದಳು. ಹೊರೆ ಸರಿಮಾಡಿಕೊಂಡು, "ಮೊರಾ ಬೇಕೇನ್ರೀ ಮೊರಾ" ಎಂದು ಮುಂದಿನ ವಾಡೆಯ ಕಡೆಗೆ ನಡೆದಳು.